ಮಾತು ಕೇಳದ ಹುಡುಗಿಯ ಮೇಡಂ

ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಪೂರ್ಣಿಮಾ ನಾಯ್ಕರಿಗೆ ಅಂತ ಒಂದು ಕುರ್ಚಿ ಇದೆ. ಅದರ ಮೇಲೆ ಅವರ ಚೀಲ ಕೂರುತ್ತದೆ, ಹೆಲ್ಮೆಟ್ ಕೂರುತ್ತದೆ, ಮಳೆಗಾಲದಲ್ಲಿ ರೇನ್‌ಕೋಟೂ ಕೂರುತ್ತದೆ. ಅವರೊಬ್ಬರನ್ನು ಬಿಟ್ಟು ಉಳಿದ ಎಲ್ಲವೂ ಕೂರುತ್ತವೆ. ಚಹಾ ಕುಡಿಯುವುದು ಕಿಟಕಿಯ ಹತ್ತಿರ ನಿಂತು, ಪೇಪರ್ ತಿದ್ದುವುದು ಕಪಾಟಿಗೆ ಒರಗಿ, ಫೋನಿನಲ್ಲಿ ಮಾತಾಡುವುದಂತೂ ವರಾಂಡದ ಆ ತುದಿಯಿಂದ ಈ ತುದಿಗೆ ನಡೆಯುತ್ತ. ಒಮ್ಮೆ ನಮ್ಮನೆಗೆ ಊಟಕ್ಕೆ ಬಂದವರು ಪಾಯಸದ ಲೋಟ ಹಿಡಿದು ಅಂಗಳವೆಲ್ಲ ಸುತ್ತಿದ್ದನ್ನು ನೋಡಿ ನನ್ನ ಹೆಂಡತಿ ನರ್ಮದಾ, "ಅದಕ್ಕೆ ಕೂರಲೇ ಬತ್ತಿಲ್ಲೆ ಕಾಣ್ತು" ಎಂದು ನನ್ನ ಕಿವಿಯಲ್ಲಿ ಹೇಳಿದ್ದಳು.

ನಾನು ಹೊನ್ನಾವರದ ಈ ಕಾಲೇಜಿನಲ್ಲಿ ಕನ್ನಡ ಮೇಷ್ಟ್ರು, ಹೆಸರು ಸುದರ್ಶನ. ಗಂಟಲು ದೊಡ್ಡದು. ಆ ಒಂದೇ ತಪ್ಪಿಗೆ ಭಟ್ಕಳದಿಂದ ಕುಮಟಾದವರೆಗೆ ಎಲ್ಲಿ ಯಾವ ಪಂದ್ಯಾವಳಿ ಆದರೂ ನಿರೂಪಣೆಗೆ ನನ್ನನ್ನು ಎಳೆದೊಯ್ಯುತ್ತಾರೆ. ಛಂದಸ್ಸು ಓದಿದವನು "ಅತಿಥಿ ಮಹೋದಯರು ವೇದಿಕೆಗೆ ಬರಬೇಕು" ಎಂದು ಕೂಗುತ್ತಲೇ ಅರ್ಧ ಆಯುಷ್ಯ ಕಳೆದಿದ್ದೇನೆ. ಹಾಗಾಗಿ ಈ ಕಥೆಯಲ್ಲಿ ನಡೆದ ಮುಖ್ಯ ಸಂಗತಿಯನ್ನು ನಾನು ವೇದಿಕೆಯ ಮೇಲಿಂದ, ಕೈಯಲ್ಲಿ ಮೈಕ್ ಹಿಡಿದೇ ನೋಡಿದ್ದು.

ಪೂರ್ಣಿಮಾ ಕುಮಟಾದವರು. ದಿನಾ ಬೆಳಿಗ್ಗೆ ಹೆದ್ದಾರಿಯ ಲಾರಿಗಳ ನಡುವೆ ಸ್ಕೂಟರ್ ನುಗ್ಗಿಸಿಕೊಂಡು ಬರುತ್ತಾರೆ. ಕಾಲೇಜು ದಿನಗಳಲ್ಲಿ ವಿಶ್ವವಿದ್ಯಾಲಯದ ಕಬಡ್ಡಿ ತಂಡದಲ್ಲಿ ಆಡುತ್ತಿದ್ದರಂತೆ. ಒಂದು ಪಂದ್ಯದಲ್ಲಿ ಮಂಡಿ ತಿರುಚಿತು. ಯಾರೋ ಓಡಿ ಬಂದು ಸ್ಪ್ರೇ ಹೊಡೆದು, ಎಲಾಸ್ಟಿಕ್ ಪಟ್ಟಿ ಸುತ್ತಿ, "ಏನಾಗೂದಿಲ್ಲ, ಹೋಗು" ಎಂದು ಬೆನ್ನು ತಟ್ಟಿ ಕಳಿಸಿದರು. ಮತ್ತೆ ಒಂದು ರೇಡಿಗೆ ಮಂಡಿಯೊಳಗಿನ ಲಿಗಮೆಂಟು ಪೂರ್ತಿ ಹರಿಯಿತು. ಆಮೇಲೆ ಅವರು ಆಡಲಿಲ್ಲ. ಯಾಕೆ ಹಾಗಾಯಿತು ಎಂದು ತಿಳಿಯುವ ಹಟಕ್ಕೆ ಬಿದ್ದು ಪರರಾಜ್ಯಕ್ಕೆ ಹೋಗಿ ಕ್ರೀಡಾ ವಿಜ್ಞಾನ ಓದಿದರು, ಒಂದೆರಡು ತಂಡಗಳ ಜೊತೆ ಊರೂರು ಸುತ್ತಿದರು. ನಮ್ಮ ಕಾಲೇಜು ಕ್ರೀಡಾ ವಿಜ್ಞಾನದ ಪದವಿ ಶುರು ಮಾಡಿದಾಗ ಇಲ್ಲಿಗೆ ಬಂದರು.

ಅದು ಎಂಥ ಕೋರ್ಸು ಎಂದು ಊರಿನವರಿಗೆ ತಿಳಿಸುವುದರಲ್ಲೇ ಮೊದಲ ವರ್ಷ ಮುಗಿಯಿತು. ಅಡ್ಮಿಷನ್ನಿಗೆ ಬಂದ ಅಪ್ಪಂದಿರು, "ಕಡೆಗೆ ಪಿ.ಟಿ. ಮಾಸ್ತರಾಗೂದಾ?" ಎಂದು ಕೇಳುವರು. ಪೂರ್ಣಿಮಾ ನಿಂತಲ್ಲೇ ಕಾಲು ಬದಲಿಸುತ್ತ ವಿವರಿಸುವರು. ಆಟಗಾರ ಎಷ್ಟು ಓಡಿದ, ಎಷ್ಟು ನಿದ್ದೆ ಮಾಡಿದ, ಎಂತ ತಿಂದ, ಮೈಯಲ್ಲಿ ನೀರು ಸಾಕಷ್ಟಿದೆಯಾ, ಇವತ್ತು ಅವನನ್ನು ದುಡಿಸಬೇಕಾ ಬಿಡಬೇಕಾ ಎಂದು ಅಳೆದು ನೋಡಿ ಹೇಳುವ ಕೆಲಸ. ಈಗ ದೊಡ್ಡ ತಂಡಗಳೆಲ್ಲ ಇಂಥವರನ್ನು ಇಟ್ಟುಕೊಳ್ಳುತ್ತವೆ. ಅಪ್ಪಂದಿರು ಎಲ್ಲ ಕೇಳಿ, "ಹಾಂಗಾರೆ ಪಿ.ಟಿ. ಮಾಸ್ತರೇ ಅಲ್ದಾ" ಎನ್ನುವರು. ಆ ಹೊತ್ತಿಗೆ ಪೂರ್ಣಿಮಾ ಅವರ ಮುಖ ನೋಡಲಾಗುತ್ತಿರಲಿಲ್ಲ.

ಮೊದಲ ತಂಡಕ್ಕೆ ಬೆರಳೆಣಿಕೆಯ ಮಕ್ಕಳು ಸೇರಿದರು. ಅವರಲ್ಲಿ ಅಘನಾಶಿನಿಯ ಅಂಕಿತಾ ಒಬ್ಬಳು. ತಾಯಿ ಹೊನ್ನಿ ಇಳಿತದ ಹೊತ್ತಿಗೆ ಹೊಳೆಗೆ ಇಳಿದು ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುವವಳು. ಹುಡುಗಿ ಸಣ್ಣ ದನಿಯವಳು. ಏನು ಹೇಳಿದರೂ "ಆತು ಮೇಡಂ" ಎನ್ನುವಳು. ಪೂರ್ಣಿಮಾ ಅವರಿಗೆ ಕೆಂಡದಂಥ ಸಿಟ್ಟು ತರಿಸುತ್ತಿದ್ದುದು ಇದೇ "ಆತು".

ಯಾಕೆಂದರೆ ಅವರು ಎಲ್ಲಕ್ಕಿಂತ ಹೆಚ್ಚು ಒದ್ದಾಡಿ ಕಲಿಸುತ್ತಿದ್ದ ಪಾಠ ಯಾವ ಪಠ್ಯದಲ್ಲೂ ಇರಲಿಲ್ಲ. ಒಂದು ದಿನ ನಾನು ರಗಳೆಯ ಲಕ್ಷಣ ಹೇಳುತ್ತಿದ್ದೆ. ಪಕ್ಕದ ಕೋಣೆಯಿಂದ, "ನಿಂಗೆ ಸಂಬಳ ಕೊಡೂದು ನಾನು! ಕಳ್ಸು ಅವನನ್ನ ಒಳಗೆ!" ಎಂಬ ಕಿರುಚಾಟ. ಜಗಳ ಬಿಡಿಸಲು ಓಡಿದೆ. ನೋಡಿದರೆ ಪೂರ್ಣಿಮಾ ಕೊರಳಿಗೆ ಸೀಟಿ ಹಾಕಿಕೊಂಡು ಕೋಚ್ ಆಗಿದ್ದಾರೆ. ಎದುರಿಗೆ ಅಂಕಿತಾ ನಿಂತಿದ್ದಾಳೆ. ಗಾಯವಾದ ಆಟಗಾರನನ್ನು ಆಡಿಸಬೇಕೆಂದು ಕೋಚ್ ಒತ್ತಾಯ ಮಾಡುವುದು, ಹುಡುಗಿ "ಇಲ್ಲ" ಎನ್ನಬೇಕು. ಅಷ್ಟೇ ಪಾಠ. ಅಂಕಿತಾ ನೆಲ ನೋಡುತ್ತ ನಿಂತಿದ್ದಳು.

"ಹೇಳು! ಇಲ್ಲ ಅಂತ ಹೇಳೂಕೆ ಎಂತ ಆಗ್ತದೆ ನಿಂಗೆ?"

"ದೊಡ್ಡೋರಿಗೆ ಹ್ಯಾಂಗೆ ಹೇಳೂದು ಮೇಡಂ?"

"ನಾ ಕಲ್ಸೂದು ಅದನ್ನೇ ಮಾರಾಯ್ತಿ! ಅಳತೆ ಮಾಡೂಕೆ ಮಶೀನ್ ಉಂಟು. ಇದಕ್ಕೆ ಮಶೀನಿಲ್ಲ."

ನನ್ನ ತರಗತಿಯ ಮಕ್ಕಳು ಬಾಗಿಲಲ್ಲಿ ಗುಂಪುಗಟ್ಟಿ ನಗುತ್ತಿದ್ದರು. ರಗಳೆ ಅಂದಿಗೆ ಅಲ್ಲಿಗೇ ನಿಂತಿತು.

ಕೊನೆಯ ವರ್ಷ ಮಕ್ಕಳು ಯಾವುದಾದರೂ ತಂಡದ ಜೊತೆ ಕೆಲಸ ಮಾಡಿ ತೋರಿಸಬೇಕು. ಪೂರ್ಣಿಮಾ ಮೂರೂ ತಾಲೂಕಿನ ಕ್ಲಬ್ಬುಗಳ ಬಾಗಿಲು ಬಡಿದರು. ಭಟ್ಕಳದ ಒಂದು ಕ್ರಿಕೆಟ್ ಕ್ಲಬ್ಬಿನವರು ಒಬ್ಬ ಹುಡುಗನನ್ನು ಬಹಳ ಪ್ರೀತಿಯಿಂದ ಸೇರಿಸಿಕೊಂಡರು. ದುಬೈಯಿಂದ ರಜೆಗೆ ಬಂದ ಆಟಗಾರರೆಲ್ಲ ಅವನನ್ನು ಬಿಡದೆ ಮನೆಗೆ ಕರೆದು ಬಿರಿಯಾನಿ ಉಣಿಸಿದರು. ಮೈದಾನದಲ್ಲಿ ಮಾತ್ರ ಸ್ಕೋರ್ ಬೋರ್ಡಿನ ಹತ್ತಿರ ಕೂರಿಸಿದರು. ಕುಮಟಾದ ವಾಲಿಬಾಲ್ ತಂಡಕ್ಕೆ ಹೋದವಳ ಕೈಗೆ ಗಾಳಿ ಹೊಡೆಯುವ ಪಂಪು ಬಂತು. ನಿಜಕ್ಕೂ ಕೆಲಸ ಮಾಡಲು ಬಿಟ್ಟದ್ದು ಕಾಸರಕೋಡಿನ ಕಬಡ್ಡಿ ತಂಡ ಒಂದೇ. ಅದರ ಅಧ್ಯಕ್ಷ ಹರೀಶ, ಎರಡು ಬೋಟಿನ ಮಾಲೀಕ. "ನಮ್ಮ ಹುಡುಗ್ರನ್ನ ಎಂತ ಬೇಕಾರೂ ಅಳ್ದು ನೋಡಿ ಮೇಡಂ, ಕಪ್ಪು ಮಾತ್ರ ಈ ಸಲ ನಮ್ದೇ ಆಗ್ಬೇಕು" ಎಂದು ಬಾಗಿಲು ತೆರೆದುಕೊಟ್ಟ. ಅಲ್ಲಿಗೆ ಅಂಕಿತಾ ಹೋದಳು.

ಅವಳ ಕೆಲಸ ಹೇಗಿತ್ತು ಎನ್ನುವುದಕ್ಕೆ ಒಂದು ಸಂಗತಿ ಹೇಳಬೇಕು. ಆಟದಲ್ಲಿ ತಲೆಗೆ ಪೆಟ್ಟು ಬಿದ್ದರೆ ಮಿದುಳು ಸರಿಯಾಗಿದೆಯಾ ಎಂದು ನೋಡಲು ಕೆಲವು ಪ್ರಶ್ನೆಗಳಿವೆಯಂತೆ. ಅದರಲ್ಲೊಂದು, ತಿಂಗಳುಗಳ ಹೆಸರನ್ನು ಹಿಂದಿನಿಂದ ಹೇಳಿಸುವುದು. ಪೆಟ್ಟಿಲ್ಲದಾಗ ಹೇಗೆ ಹೇಳುತ್ತಾನೆ ಎಂದು ಮೊದಲೇ ನೋಡಿಕೊಂಡಿರಬೇಕು. ತಂಡದ ದೊಡ್ಡ ರೇಡರ್ ಮಾಬ್ಲ, ಬೋಟಿನಲ್ಲಿ ದುಡಿಯುವವನು. ಡಿಸೆಂಬರ್ ಆದಮೇಲೆ ಅವನಿಗೆ ಜನವರಿಯೇ ಬರುವುದು. ಅಂಕಿತಾ ಬಂದು, "ಮೇಡಂ, ಹುಷಾರಿದ್ದಾಗ್ಲೇ ಅವನಿಗೆ ಬರೂದಿಲ್ಲ. ಪೆಟ್ಟು ಬಿದ್ದಾಗ ಕೇಳಿ ಎಂತ ಉಪಯೋಗ?" ಎಂದಳು. ಮಾರನೇ ದಿನ ತಾನೇ ದಾರಿ ಹುಡುಕಿದ್ದಳು. ಬಂದರುಗಳ ಹೆಸರು ಕೇಳಿದ್ದಳು. ಮಾಬ್ಲ ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಬೇಲೆಕೇರಿ, ಕಾರವಾರ ಎಂದು ಒಂದೇ ಉಸಿರಿಗೆ ಹೇಳಿ, ಕಾರವಾರದಿಂದ ಮಲ್ಪೆಗೂ ಅಷ್ಟೇ ಸಲೀಸಾಗಿ ವಾಪಸು ಬಂದನಂತೆ. ಇಡೀ ತಂಡಕ್ಕೆ ಹಾಗೇ ಮಾಡಿದಳು. ಪೂರ್ಣಿಮಾ ಇದನ್ನು ಸ್ಟಾಫ್ ರೂಮಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ನನಗೆ ಮೂರು ಸಲ ಹೇಳಿದರು.

ಅದೇ ಸಮಯಕ್ಕೆ ಧಾರವಾಡದ ಕಡೆಯ ಒಂದು ಕಬಡ್ಡಿ ಅಕಾಡೆಮಿಯಲ್ಲಿ ಒಂದು ಕೆಲಸ ಖಾಲಿ ಇರುವ ಸುದ್ದಿ ಬಂತು. ಒಂದೇ ಒಂದು. ಇತ್ತ ನಮ್ಮ ಆಡಳಿತ ಮಂಡಳಿಯವರು ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: ಮೊದಲ ತಂಡದಲ್ಲಿ ಒಬ್ಬರಿಗೂ ಕೆಲಸ ಸಿಗದಿದ್ದರೆ ಬರುವ ವರ್ಷ ಈ ಕೋರ್ಸಿಗೆ ಪ್ರವೇಶವಿಲ್ಲ. ಪೂರ್ಣಿಮಾ ಅಕಾಡೆಮಿಗೆ ಫೋನ್ ಮೇಲೆ ಫೋನ್ ಮಾಡಿ ಬೆನ್ನು ಹತ್ತಿದರು. ಕೊನೆಗೆ ಅಲ್ಲಿನ ರಮಾನಂದ ಎಂಬ ಅಧಿಕಾರಿ, ಹುಡುಗಿ ನಿಜವಾದ ಪಂದ್ಯದಲ್ಲಿ ಹೇಗೆ ಕೆಲಸ ಮಾಡುತ್ತಾಳೆ ನೋಡಿ ನಿರ್ಧರಿಸುತ್ತೇನೆ ಎಂದು, ಕಾಸರಕೋಡಿನ ಪಂದ್ಯಾವಳಿಯ ಫೈನಲ್ಲಿಗೆ ಬರಲು ಒಪ್ಪಿದರು. ಆ ವಾರ ಪೂರ್ಣಿಮಾ ಕೂರುವುದಿರಲಿ, ಒಂದು ಕಡೆ ನಿಂತದ್ದನ್ನೂ ನಾನು ನೋಡಲಿಲ್ಲ.

ಭಾನುವಾರ ಸಂಜೆ ಶರಾವತಿ ಸೇತುವೆ ದಾಟಿ ನಾವು ಕಾಸರಕೋಡಿಗೆ ಹೋದೆವು. ಗಾಳಿಮರಗಳ ಪಕ್ಕದ ಮೈದಾನದಲ್ಲಿ ಮ್ಯಾಟ್ ಹಾಸಿ ಅಂಕಣ ಮಾಡಿದ್ದರು. ಒಣಮೀನಿನ ವಾಸನೆ, ಚುರುಮುರಿ ಗಾಡಿ, ಸುತ್ತ ಕಿಕ್ಕಿರಿದ ಜನ. ಅಂಕಿತಾ ಅಂಕಣದ ಗೆರೆಯ ಹತ್ತಿರ ತನ್ನ ಚೀಲ ಇಟ್ಟುಕೊಂಡು ಕೂತಿದ್ದಳು. ಅದನ್ನು ನೋಡಿದ ಹರೀಶ ಓಡಿ ಬಂದ.

"ಎಂತ ಮೇಡಂ ಇದು! ಯುನಿವರ್ಸಿಟಿ ಹುಡುಗಿ ನೆಲದ ಮೇಲೆ ಕೂತ್ರೆ ನಮ್ಮೂರ ಮರ್ಯಾದೆ ಎಂತ ಆಗ್ತದೆ? ಸ್ಟೇಜಿನ ಮೇಲೆ ಕುರ್ಚಿ ಹಾಕ್ಸಿದ್ದೆ. ಸನ್ಮಾನ ಉಂಟು."

"ಅವಳ ಕೆಲ್ಸ ಇಲ್ಲೇ ಹರೀಶ. ಮೇಲಿಂದ ಎಂತ ಕಾಣ್ತದೆ?"

"ನೀರು ಕೊಡೂಕೆ ಹುಡುಗ್ರಿದ್ದಾರೆ ಮೇಡಂ. ಬನ್ನಿ, ಬನ್ನಿ. ಇಲ್ಲಾಂದ್ರೆ ನಮಗೆ ಅವಮಾನ."

ಅವನ ಮಾತಿನಲ್ಲಿ ಕಪಟವಿರಲಿಲ್ಲ. ಓದಿದ ಹೆಣ್ಣುಮಗಳನ್ನು ವೇದಿಕೆಗೆ ಹತ್ತಿಸದಿದ್ದರೆ ಊಟಕ್ಕೆ ಕರೆದು ಎಲೆ ಹಾಕದಂತೆ ಎಂದೇ ಅವನ ತಿಳುವಳಿಕೆ. ನಮ್ಮ ಕಡೆ ಇದೊಂದು ರೋಗ. ನಾನೇ ಇದರ ಪೂಜಾರಿ. ಪೂರ್ಣಿಮಾ ಇನ್ನೂ ವಾದಿಸುತ್ತಿರುವಾಗಲೇ ಅಂಕಿತಾ "ಆತು" ಎಂದು ಎದ್ದಳು. ಧಾರವಾಡದಿಂದ ಬಂದಿದ್ದ ರಮಾನಂದರ ಪಕ್ಕ ಎಂದೂ ಕೂರದ ಪೂರ್ಣಿಮಾ, ಅವರ ಪಕ್ಕ ಅಂಕಿತಾ. ಎಲ್ಲರ ಮಡಿಲಲ್ಲೂ ಒಂದೊಂದು ಹೂಗುಚ್ಛ.

ಮುಖ್ಯ ಅತಿಥಿಗಳು ಎಂದಿನಂತೆ ತಡ. ಸಭಾ ಕಾರ್ಯಕ್ರಮ ವಿರಾಮದಲ್ಲಿ ಮಾಡೋಣ ಎಂದು ಆಟ ಶುರು ಮಾಡಿದರು. ಮಾಬ್ಲ ಅಂದು ಬೆಂಕಿ. ಅವನು ಗೆರೆ ದಾಟಿದರೆ ಸಾಕು, ಜನ ಎದ್ದು ನಿಲ್ಲುತ್ತಿದ್ದರು. ಮೊದಲ ಅರ್ಧ ಮುಗಿಯುವ ಹೊತ್ತಿಗೆ ಎದುರಾಳಿಗಳು ಸರಪಳಿ ಕಟ್ಟಿ ಅವನನ್ನು ಹಿಡಿದರು. ಬಿದ್ದ ರಾಶಿಯಲ್ಲಿ ಅವನ ತಲೆ ಯಾರದೋ ಮಂಡಿಗೆ ಬಡಿಯಿತು. ಆ ಸದ್ದು ಮೇಲಿದ್ದ ನನಗೂ ಕೇಳಿಸಿತು. ಅವನು ಎದ್ದ, ಮೈ ಕೊಡವಿಕೊಂಡ, ಸೀದಾ ನಡೆದು ಎದುರಾಳಿಗಳ ಸಾಲಿನಲ್ಲಿ ಹೋಗಿ ಕೂತ. ಜನ ಹೋ ಎಂದು ನಕ್ಕರು. ವಿರಾಮದ ಸೀಟಿ ಊದಿದರು.

ಸರಿಯಾಗಿ ಆಗಲೇ ಮುಖ್ಯ ಅತಿಥಿಗಳ ಕಾರು ಬಂತು. ನಾನು ಸ್ವಾಗತದ ಮಾತು ಶುರು ಮಾಡಿದೆ. ಹರೀಶ ಶಾಲು ಬಿಚ್ಚಿ ಅಂಕಿತಾಳ ಹೆಗಲಿಗೆ ಹೊದಿಸಲು ಕೈ ಎತ್ತಿದ್ದ. ಆ ಶಾಲಿನ ಕೆಳಗಿನಿಂದ ಹುಡುಗಿ ನುಸುಳಿ ವೇದಿಕೆಯಿಂದ ಕೆಳಗೆ ಹಾರಿದಳು. ಶಾಲು ಹಿಡಿದ ಹರೀಶ ಹಾಗೇ ನಿಂತ. ನನಗೂ ಮಾತು ತಪ್ಪಿ, ಮುಖ್ಯ ಅತಿಥಿಗಳ ತಂದೆಯವರನ್ನೂ ವೇದಿಕೆಗೆ ಸ್ವಾಗತಿಸಿಬಿಟ್ಟೆ. ಅವರು ತೀರಿಕೊಂಡು ಬಹಳ ವರ್ಷಗಳಾಗಿದ್ದವು.

ಅಂಕಿತಾ ಮಾಬ್ಲನನ್ನು ವೇದಿಕೆಯ ಕೆಳಗಿನ ಬೆಂಚಿಗೆ ಕರೆತಂದು ಎದುರು ಮೊಣಕಾಲೂರಿ ಕೂತಳು.

"ಮಾಬ್ಲಣ್ಣ, ಬಂದರು ಹೇಳು. ಮಲ್ಪೆಯಿಂದ."

"ಎಂತ ಆಗ್ಲಿಲ್ಲ ನಂಗೆ. ಮಲ್ಪೆ... ಗಂಗೊಳ್ಳಿ, ಭಟ್ಕಳ..." ಅವನು ತಡೆದ. "ತದಡಿ, ಬೇಲೆಕೇರಿ, ಕಾರವಾರ."

"ಇನ್ನೊಮ್ಮೆ ಹೇಳು."

ಇನ್ನೊಮ್ಮೆಯೂ ಭಟ್ಕಳದಿಂದ ತದಡಿಗೇ ಹೋದ. ಹೊನ್ನಾವರ ಬರಲೇ ಇಲ್ಲ. ಹುಟ್ಟಿ ಬೆಳೆದ ಬಂದರಿನಲ್ಲೇ ಕೂತು ಅದನ್ನೇ ಬಿಟ್ಟು ಹೋಗುತ್ತಿದ್ದ. ಸುತ್ತ ನಿಂತ ಹುಡುಗರು ಮತ್ತೆ ನಕ್ಕರು. ಅಂಕಿತಾ ನಗಲಿಲ್ಲ. ಒಂಟಿ ಕಾಲಲ್ಲಿ ನಿಲ್ಲಿಸಿದಳು, ಅವನು ವಾಲಿದ. ಎದ್ದು, "ಇವ ಇವತ್ತು ಆಡೂದಿಲ್ಲ. ಆಸ್ಪತ್ರೆಗೆ ಹೋಗ್ಬೇಕು" ಎಂದಳು.

ಎರಡನೇ ಅರ್ಧ ಅವನಿಲ್ಲದೆ ಶುರುವಾಯಿತು. ಆಸ್ಪತ್ರೆಗೆ ಒಯ್ಯಲು ಕಾರು ತರಿಸಿ ಎಂದು ಅವಳು ಕೇಳುತ್ತಲೇ ಇದ್ದಳು, ಯಾರ ಕಿವಿಗೂ ಬೀಳಲಿಲ್ಲ. ಕಾಸರಕೋಡಿನ ಅಂಕ ಹಿಂದೆ ಬಿತ್ತು. ಜನ "ಮಾಬ್ಲ, ಮಾಬ್ಲ" ಎಂದು ಕೂಗತೊಡಗಿದರು. ಮಾಬ್ಲನೂ, "ಬಿಡೇ, ನಾ ಸಮಾ ಇದ್ದೆ" ಎಂದು ಏಳಲು ನೋಡುತ್ತಿದ್ದ. ಹರೀಶ ವೇದಿಕೆಯ ಮೇಲೆ ಪೂರ್ಣಿಮಾ ಅವರ ಕಿವಿಯ ಹತ್ತಿರ ಬಗ್ಗಿದ.

"ಮೇಡಂ, ಎಲ್ಲಾ ಕ್ಲಬ್ಬಿನೋರು ಬೇಡ ಅಂದಾಗ ನಾ ಬಾಗ್ಲು ತೆಗ್ದೆ. ಎರಡೇ ರೇಡು. ಊರು ಕೇಳ್ತಾ ಉಂಟು. ಧಾರವಾಡದ ಸಾರೂ ನೋಡ್ತಾ ಇದ್ದಾರೆ, ನಿಮ್ಮ ಹುಡುಗಿ ತಂಡ ಸೋಲಿಸ್ತಾ ಇದ್ದಾಳೆ ಅಂತ."

ಪೂರ್ಣಿಮಾ ರಮಾನಂದರ ಕಡೆ ಒಮ್ಮೆ ನೋಡಿದರು. ಅವರು ಅಂಕಣದ ಕಡೆ ಮುಖ ಮಾಡಿ ಕೂತಿದ್ದರು, ಮುಖದಲ್ಲಿ ಏನೂ ಇರಲಿಲ್ಲ. ಪೂರ್ಣಿಮಾ ಕೈ ಹೊಸಕಿದರು. ಎದ್ದರು, ಕೂತರು, ಮತ್ತೆ ಎದ್ದರು. ವೇದಿಕೆಯ ಅಂಚಿಗೆ ಬಂದು ಕೆಳಗೆ ಬಗ್ಗಿದರು. ನಾನು ಅವರ ಪಕ್ಕದಲ್ಲೇ ನಿಂತಿದ್ದೆ. ಮೈಕ್ ಆಫ್ ಇತ್ತು, ಪುಣ್ಯ.

"ಅಂಕಿತಾ," ಎಂದರು. "ಎರಡೇ ರೇಡು. ಬಿಡು ಅವನನ್ನ."

ನನಗೆ ನನ್ನ ಕಿವಿಯ ಮೇಲೇ ಅನುಮಾನ ಬಂತು. ಹೇಳುವುದಿದ್ದರೆ ಹೇಳಿಬಿಡುತ್ತೇನೆ, ಆ ಗಳಿಗೆಗೆ ನನಗೆ ಅವರ ಮೇಲೆ ಅಸಹ್ಯವೇ ಆಯಿತು. ಅಂಕಿತಾ ತಲೆ ಎತ್ತಿ ನೋಡಿದಳು. ಅವಳ ಬಾಯಿಂದ ಎಂದಿನ "ಆತು" ಬರುತ್ತದೆ ಎಂದೇ ನಾನು ಕಾದೆ.

"ಇಲ್ಲ ಮೇಡಂ."

"ಅಂಕಿತಾ..."

"ಬೇಕಾರೆ ನನ್ನ ಫೇಲ್ ಮಾಡಿ. ಇವ ಒಳಗೆ ಹೋಗೂದಿಲ್ಲ."

ಹೇಳಿದವಳೇ ಬಗ್ಗಿ ಮಾಬ್ಲನ ಬಲಗಾಲಿನ ಶೂ ಬಿಚ್ಚಿ ತನ್ನ ಚೀಲಕ್ಕೆ ತುರುಕಿ, ಚೀಲವನ್ನು ಎದೆಗೆ ಅವುಚಿಕೊಂಡು ಕೂತಳು. ಬರಿಗಾಲಲ್ಲಿ ಮ್ಯಾಟಿನ ಮೇಲೆ ಆಡಲು ರೆಫರಿ ಬಿಡುವುದಿಲ್ಲ. ಹುಡುಗರು ಬೈದರು, ಯಾರೋ ಚುರುಮುರಿ ಪೊಟ್ಟಣ ಎಸೆದರು. ಅವಳು ಚೀಲ ಬಿಡಲಿಲ್ಲ. ಪೂರ್ಣಿಮಾ ಹಿಂದೆ ಸರಿದು ಕುರ್ಚಿಯ ಬೆನ್ನು ಹಿಡಿದು ನಿಂತರು. ಕಾಸರಕೋಡು ಸೋತಿತು.

ಆಟ ಮುಗಿದ ಮೇಲೆ ಪೂರ್ಣಿಮಾ ಯಾರೊಂದಿಗೂ ಮಾತಾಡದೆ ಒಂದು ಕಾರು ಗೊತ್ತು ಮಾಡಿ, ಮಾಬ್ಲನನ್ನೂ ಅಂಕಿತಾಳನ್ನೂ ಕೂರಿಸಿಕೊಂಡು ಮಣಿಪಾಲಕ್ಕೆ ಹೋದರು. ಸ್ಕ್ಯಾನ್ ಮಾಡಿಸಿದರು. ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಡಾಕ್ಟರು ಕೆಲವು ವಾರ ಆಡಬಾರದು, ವಿಶ್ರಾಂತಿ ಬೇಕು ಎಂದು ಹೇಳಿ ಕಳಿಸಿದರು.

ಏನೂ ಇರಲಿಲ್ಲ ಎನ್ನುವುದೇ ದೊಡ್ಡ ತಲೆನೋವಾಯಿತು ನೋಡಿ. ವಿಶ್ರಾಂತಿಯ ಮಾತು ಮಣಿಪಾಲದಲ್ಲೇ ಉಳಿಯಿತು, "ಏನೂ ಇಲ್ವಂತೆ" ಎಂಬುದು ಮಾತ್ರ ಬೆಳಗಾಗುವುದರೊಳಗೆ ಕಾಸರಕೋಡು ಮುಟ್ಟಿತು. ಹರೀಶ ಸೋಮವಾರವೇ ಕಾಲೇಜಿಗೆ ಬಂದು, "ಆ ಹುಡುಗಿ ಸುಮ್ಮನೆ ನಮ್ಮ ಕಪ್ ಕಳೀತು. ಇನ್ನು ನಿಮ್ಮ ಕಾಲೇಜಿನೋರು ಯಾರೂ ನಮ್ಮ ಗ್ರೌಂಡಿಗೆ ಕಾಲಿಡೂದು ಬೇಡ" ಎಂದು ಪ್ರಿನ್ಸಿಪಾಲರ ಮೇಜು ಗುದ್ದಿದ. ತಲೆ ಒಡೆದಿದ್ದರೆ ಹುಡುಗಿ ದೇವತೆ ಆಗುತ್ತಿದ್ದಳು. ತಲೆ ಸರಿಯಿದ್ದದ್ದಕ್ಕೆ ಅಪರಾಧಿಯಾದಳು. ನನಗೆ ಮೈ ಉರಿದು, "ಹಾಂಗಾದ್ರೆ ಮಾಬ್ಲ ಸತ್ತಿದ್ರೆ ನಿಂಗೆ ಸಮಾಧಾನ ಆಗ್ತಿತ್ತಾ?" ಎಂದು ಕೇಳಿಯೇಬಿಟ್ಟೆ. ಅವನು ಬಾಗಿಲು ಬಡಿದು ಹೋದ.

ಪೂರ್ಣಿಮಾ ಅಂಕಿತಾಳ ಮುಖ ನೋಡುವುದನ್ನೇ ತಪ್ಪಿಸುತ್ತಿದ್ದರು. ಒಂದು ಮಧ್ಯಾಹ್ನ ವರಾಂಡದಲ್ಲಿ ನನ್ನನ್ನು ತಡೆದು, "ಸರ್, ಆ ದಿವ್ಸ ನಾ ಹೇಳಿದ್ದು ನಿಮಗೆ ಕೇಳ್ತಲ್ಲ?" ಎಂದರು.

"ಕೇಳ್ತು."

"ನನ್ನ ಕಾಲಿಗೆ ಸ್ಪ್ರೇ ಹೊಡ್ದು ಕಳ್ಸಿದೋರಿಗೂ ನಂಗೂ ಎಂತ ವ್ಯತ್ಯಾಸ ಸರ್?"

ಉತ್ತರಕ್ಕೆ ಕಾಯದೆ ನಡೆದು ಹೋದರು.

ವಾರ ಕಳೆದ ಮೇಲೆ ರಮಾನಂದರ ಫೋನು ಬಂತು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ. ಪೂರ್ಣಿಮಾ ಸ್ಪೀಕರ್ ಹಾಕಿ ನನ್ನ ಮೇಜಿನ ಸುತ್ತ ಪ್ರದಕ್ಷಿಣೆ ಶುರು ಮಾಡಿದರು.

"ಮೇಡಂ, ಆ ಹುಡುಗನ ಸ್ಕ್ಯಾನ್ ಏನಾಯ್ತು?"

"ಏನೂ ಇಲ್ಲ ಸರ್. ಸರಿಯಾಗೇ ಇದೆ."

"ಒಳ್ಳೇದು. ಹುಡುಗಿ ಕೆಲಸ ನನಗೆ ಹಿಡಿಸ್ತು. ಆದ್ರೆ ತಗೊಳ್ಳೋದು ನಮ್ಮ ಸೀನಿಯರ್ ಕೋಚ್ ಕೈಲಿದೆ. ಅವರದು ಒಂದೇ ಪ್ರಶ್ನೆ. ದೊಡ್ಡವರು ಹೇಳಿದ ಮಾತು ಕೇಳ್ತಾಳಾ ಅಂತ. ನೀವು ಅವಳ ಟೀಚರ್, ನೀವು ಹೇಳಿದ್ರೆ ಆಯ್ತು."

ಹೌದು ಎಂಬ ಒಂದು ಶಬ್ದ ಸಾಕಿತ್ತು. ಹುಡುಗಿಗೆ ಕೆಲಸ, ಕೋರ್ಸಿಗೆ ಜೀವ, ಇವರಿಗೆ ನೆಮ್ಮದಿ. ನಾನು ಎರಡೂ ಕೈ ಮುಗಿದು, ತಲೆ ಆಡಿಸಿ, ಹೌದು ಅನ್ನಿ ಎಂದು ಸನ್ನೆ ಮಾಡಿದೆ. ಪೂರ್ಣಿಮಾ ನನ್ನನ್ನು ನೋಡುತ್ತಲೇ ಹೇಳಿದರು:

"ಕೇಳೂದಿಲ್ಲ ಸರ್."

ಅವರು ಮೇಜಿನ ಅಂಚು ಹಿಡಿದು ಫೋನಿನ ಕಡೆ ಬಗ್ಗಿದರು.

"ಆ ದಿನ ಅವನನ್ನ ಎರಡು ರೇಡಿಗೆ ಬಿಡು ಅಂತ ನಾನೇ ಹೇಳಿದೆ. ಅವಳಿಗೆ ಪಾಠ ಮಾಡಿದವಳು ನಾನು. ನನ್ನ ಮಾತೂ ಕೇಳಲಿಲ್ಲ. ನಿಮ್ಮ ಕೋಚ್ ಹೇಳಿದ್ದು ತಪ್ಪಾಗಿದ್ರೆ ಅದನ್ನೂ ಕೇಳೂದಿಲ್ಲ. ಹಾಗಂತ ಬರ್ಕೊಳ್ಳಿ."

"ಸರಿ ಮೇಡಂ" ಎಂದು ರಮಾನಂದ ಫೋನ್ ಇಟ್ಟರು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. "ನಿಮಗೆ ಹುಚ್ಚು" ಎಂದೆ. ಪೂರ್ಣಿಮಾ ಹೆಲ್ಮೆಟ್ ತೆಗೆದುಕೊಂಡು, "ಬನ್ನಿ ಸರ್, ಅಘನಾಶಿನಿಗೆ ಹೋಗ್ವ. ಅವಳಿಗೆ ನಾನೇ ಹೇಳ್ಬೇಕು" ಎಂದರು.

ಅವರ ಸ್ಕೂಟರಿನ ಹಿಂದೆ ಕೂತು ಬಂದವನಿಗೇ ಗೊತ್ತು ಆ ಸುಖ. ಹೊನ್ನಿ ಅಂಗಳದಲ್ಲಿ ಬಳಚು ತೊಳೆಯುತ್ತಿದ್ದಳು. ಅಂಕಿತಾ ಒಳಗಿನಿಂದ ಬಂದಳು. ಪೂರ್ಣಿಮಾ ನಿಂತೇ ಎಲ್ಲವನ್ನೂ ಹೇಳಿದರು. ಹುಡುಗಿ ಮೇಡಂ ಅವರನ್ನು ಕೊಂಡಾಡುತ್ತಾಳೆ ಎಂದು ಯಾರಾದರೂ ಎಣಿಸಿದ್ದರೆ, ಅವರು ಅವಳ ಮುಖವನ್ನು ಆಗ ನೋಡಬೇಕಿತ್ತು.

"ಹೌದು ಅಂದಿದ್ರೆ ಎಂತ ಆಗ್ತಿತ್ತು ಮೇಡಂ?"

"ಸುಳ್ಳಾಗ್ತಿತ್ತು. ಮಾತು ಕೇಳೋಳು ಅಂತ ತಿಳ್ಕಂಡು ನಿನ್ನ ತಕಂತಿದ್ರು. ಆಮೇಲೆ ಅಲ್ಲಿ..."

"ಅಲ್ಲಿದ್ದು ನಾ ನೋಡ್ಕಂತಿದ್ದೆ!" ಹುಡುಗಿ ಕೂಗಿದಳು. ಅವಳ ದನಿ ಅಷ್ಟು ದೊಡ್ಡದಿದೆ ಎಂದು ನನಗೆ ಗೊತ್ತಿರಲಿಲ್ಲ. "ಅಲ್ಲಿ ಹೋಗಿ ನಾನೇ ಇಲ್ಲ ಅಂತಿದ್ದೆ. ನೀವ್ಯಾಕೆ ಇಲ್ಲೇ ಹೇಳಿದ್ರಿ? ನಂಗೆ ಆ ಕೆಲ್ಸ ಬೇಕಿತ್ತು. ನಿಮ್ಮ ಮನಸ್ಸು ಹಗುರ ಮಾಡ್ಕಂಬೂಕೆ ನನ್ನ ಕೆಲ್ಸ ಕಳೆದ್ರಿ."

ಪೂರ್ಣಿಮಾ ತಲೆ ತಗ್ಗಿಸಿದರು. "ಅದೂ ಇರ್ಬಹುದು" ಎಂದರು. ಹೊನ್ನಿ ಕೈ ಒರೆಸಿಕೊಳ್ಳುತ್ತ ಬಂದು, "ಮೇಡಮ್ಮಂಗೆ ಹಾಂಗೆಲ್ಲ ಅಂಬುದಾ? ಕೂತ್ಕಳಿ ಮೇಡಂ, ಚಾ ಮಾಡ್ತೆ" ಎಂದಳು. ಪೂರ್ಣಿಮಾ ಬೇಡವೆಂದು ಕೈ ಮುಗಿದು ಹೊರಟರು. ಕುಮಟಾದವರೆಗೂ ಅವರ ಬೆನ್ನು ನಡುಗುತ್ತಿತ್ತು. ಅಳುತ್ತ ಸ್ಕೂಟರ್ ಓಡಿಸಬೇಡಿ ಎಂದು ಹೇಳುವ ಧೈರ್ಯ ನನಗಾಗಲಿಲ್ಲ.

ಪರೀಕ್ಷೆ ಮುಗಿದು ಮಕ್ಕಳು ಚದುರಿದ ಮೇಲೆ ಅಕಾಡೆಮಿಯಿಂದ ಅಂಕಿತಾಳಿಗೇ ನೇರವಾಗಿ ಫೋನು ಬಂತು. ಸೀನಿಯರ್ ಕೋಚ್ ಇಂಥವಳು ಬೇಡವೇ ಬೇಡ ಎಂದಿದ್ದರಂತೆ. ಆದರೆ ಹಾಸ್ಟೆಲಿನಲ್ಲಿರುವ ಚಿಕ್ಕ ಹುಡುಗರ ತಂಡಕ್ಕೆ ಒಬ್ಬರು ಬೇಕಾಗಿದ್ದರು. ಆ ಮಕ್ಕಳಿಗೆ ನೋವಾದರೂ ಹೇಳಲು ಬಾಯಿ ಬರುವುದಿಲ್ಲ, ಬಾಯಿ ಇದ್ದವರೊಬ್ಬರು ಅವರ ಜೊತೆಗಿರಲಿ ಎಂದು ರಮಾನಂದ ಹಟ ಹಿಡಿದಿದ್ದರು. ದೊಡ್ಡ ತಂಡವಲ್ಲ, ಹೆಸರಿಲ್ಲ. ಅಂಕಿತಾ ಒಪ್ಪಿ ಹೋದಳು. ಹೋಗುವಾಗ ಕಾಲೇಜಿಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಈ ಸುದ್ದಿಯನ್ನೆಲ್ಲ ಪೂರ್ಣಿಮಾ ರಮಾನಂದರಿಂದ ತಿಳಿದರು. ಆಡಳಿತ ಮಂಡಳಿ ಒಬ್ಬಳಿಗಾದರೂ ಕೆಲಸ ಸಿಕ್ಕಿತಲ್ಲ ಎಂದು ಕೋರ್ಸನ್ನು ಇನ್ನೊಂದು ವರ್ಷಕ್ಕೆ ಉಳಿಸಿತು. ಪೂರ್ಣಿಮಾ ಹೊಸ ಮಕ್ಕಳಿಗೆ ಪಾಠ ಶುರು ಮಾಡಿದರು. ಆದರೆ ಪಕ್ಕದ ಕೋಣೆಯಿಂದ ಆ ಕೋಚಿನ ಕೂಗಾಟ ಮಾತ್ರ ಈ ಸಲ ಕೇಳಿಬರಲಿಲ್ಲ. ಯಾಕೆಂದು ಕೇಳಿದೆ. "ಯಾವ ಬಾಯಲ್ಲಿ ಕಲ್ಸಲಿ ಸರ್?" ಎಂದರು.

ಆಷಾಢದ ಒಂದು ಮಧ್ಯಾಹ್ನ ಅವರ ಫೋನು ರಿಂಗಾಯಿತು. ಹೆಸರು ನೋಡಿ ಅವರ ಮುಖ ಬಿಳಿಚಿಕೊಂಡಿತು. ಸ್ಪೀಕರ್ ಹಾಕಿದ್ದು ಅಭ್ಯಾಸಬಲದಿಂದಲೋ ಹೆದರಿಕೆಯಿಂದಲೋ ತಿಳಿಯದು.

"ಮೇಡಂ, ನಾನು ಅಂಕಿತಾ."

"ಹೇಳು."

"ಇವತ್ತು ಒಬ್ಬ ಹುಡುಗನನ್ನ ಮ್ಯಾಚಿಗೆ ಬಿಡ್ಲಿಲ್ಲ. ಜ್ವರ ಇತ್ತು, ಮುಚ್ಚಿಟ್ಟಿದ್ದ. ಕೋಚ್ ಎಲ್ಲರ ಎದುರಿಗೆ ಬೈದ್ರು. ಬಾಯಿಗೆ ಬಂದ ಹಾಗೆ ಬೈದ್ರು ಮೇಡಂ."

"ಆಮೇಲೆ?"

"ದೊಡ್ಡೋರಿಗೆ ಎದುರು ಮಾತಾಡೂಕೆ ಯಾರು ಕಲ್ಸಿದ್ದು ನಿಂಗೆ ಅಂತ ಕೇಳಿದ್ರು."

"ನೀ ಎಂತ ಹೇಳ್ದೆ?"

"ಹೊನ್ನಾವರದ ಪೂರ್ಣಿಮಾ ಮೇಡಂ ಕಲ್ಸಿದ್ದು ಅಂದೆ."

ಆ ಕಡೆಯಿಂದ "ಹಲೋ, ಮೇಡಂ? ಮೇಡಂ?" ಎಂದು ಹುಡುಗಿ ಕೂಗುತ್ತಲೇ ಇದ್ದಳು. ಪೂರ್ಣಿಮಾ ಫೋನನ್ನು ನನ್ನ ಕೈಗೆ ತುರುಕಿ, ಮುಖ ಗೋಡೆಯ ಕಡೆ ತಿರುಗಿಸಿಕೊಂಡರು.

"ಊಟ ಮಾಡಿದ್ಯಾ ಕೇಳಿ ಸರ್" ಎಂದರು.